ಗಾಜಿಲ್ಲದ ಕಾರು, ಗಾಜಿರುವ ಕಾರು

ತೊಂಬತ್ತರ ದಶಕದ ಕೊನೆಗೆ, ನಾನು ಡಿಗ್ರಿ ಓದುತ್ತಿದ್ದಾಗ, ನಮ್ಮ ಬಳಗದಲ್ಲಿ ಇಂಗ್ಲೆಂಡಿನ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಎರಡೂ ಒಂದೇ ಕಂಪನಿಯವು. ಎರಡೇ ಸೀಟು, ತಲೆಯ ಮೇಲೆ ಬಯಲು. ದಾವಣಗೆರೆಯಲ್ಲಿ ಅಪ್ಪ ಇಟ್ಟುಕೊಂಡಿದ್ದದ್ದು ಐವತ್ತರ ದಶಕದ್ದು. ಹರಿಹರದಲ್ಲಿ ಅಪ್ಪನ ಅಕ್ಕನ ಗಂಡ, ನಮ್ಮ ಮಾವನ ಬಳಿ ಇದ್ದದ್ದು ಅದರ ಮುಂದಿನ ತಲೆಮಾರು, ಅರವತ್ತರ ದಶಕದ್ದು. ಅಪ್ಪನದಕ್ಕೆ ಬಾಗಿಲ ಹೊರಗೆ ಹಿಡಿಯೇ ಇಲ್ಲ, ಒಳಗೆ ಕೈಹಾಕಿ ಹಗ್ಗ ಎಳೆಯಬೇಕು. ಕಿಟಕಿಗೆ ಗಾಜೂ ಇಲ್ಲ. ಮಾವನದಕ್ಕೆ ಎರಡೂ ಇದ್ದವು. ಇಬ್ಬರೂ ಸೇರಿದರೆ ಇದೇ ಜಗಳ.

"ಅಂದ ಅಂದ್ರೆ ನಮ್ದು ಭಾವ. ನಿಮ್ದು ಪೆಟ್ಟಿಗೆ ಇದ್ದಂಗೈತೆ," ಎನ್ನುತ್ತಿದ್ದರು ಅಪ್ಪ.

"ಮಳೆ ಬಂದ್ರೆ ಅಂದ ಹೊದ್ಕಂತಿಯೇನಪ್ಪ?" ಎನ್ನುತ್ತಿದ್ದರು ಮಾವ.

ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಗೆ ಮಾವನ ಜೊತೆ ಅವರ ಕಾರಿನಲ್ಲಿ ಬಂದಿದ್ದ ಅತ್ತೆಗೆ ಇದನ್ನು ಕೇಳಿ ಕೇಳಿ ಸಾಕಾಯಿತು.

"ಬರೀ ಬಾಯಾಗೆ ಎಷ್ಟು ವರ್ಷ ಓಡಸ್ತೀರಿ? ಅವನ್ದು ನೀವು ತಗಳ್ರಿ, ನಿಮ್ದು ಅವ್ನು ತಗಳ್ಳಿ. ಹರಿಹರಕ್ಕೆ ಹೋಗಿ ಆಮೇಲೆ ಹೇಳ್ರಿ."

ಮಾವ ಹಳೆಯ ಕಾರಿನೊಳಗೆ ಒಂದು ಕಾಲಿಟ್ಟರು, ಸೊಂಟ ತೂರಿಸಿದರು. ಹೊಟ್ಟೆ ಮಾತ್ರ ಸ್ಟೇರಿಂಗಿಗೆ ಅಡ್ಡ ನಿಂತಿತು. ಉಸಿರು ಬಿಗಿಹಿಡಿದರೆ ಸ್ಟೇರಿಂಗ್ ತಿರುಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಅಪ್ಪ ಮುಖ ತಿರುಗಿಸಿಕೊಂಡು ನಕ್ಕರು. ನಾನು ಎದುರಿಗೇ ನಕ್ಕೆ.

"ಇಳೀರಿ, ನಾ ಹೊಡೀತೀನಿ," ಎಂದರು ಅತ್ತೆ.

ಅತ್ತೆ ಗುತ್ತೂರಿನ ತಮ್ಮ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಆದರೂ ಅಪ್ಪನ ನಗು ಅಲ್ಲಿಗೇ ನಿಂತಿತು. "ಅಕ್ಕಾ, ಬ್ಯಾಡ. ಅದ್ರ ಗೇರು ಸವೆದೈತೆ, ಕಿರಗುಡತೈತೆ."

"ನೀನು ಹಾಕಿದ್ರೆ ಕಿರಗುಡತೈತೆ. ಏ ಹುಡುಗಿ, ಹತ್ತು."

ಸೆರಗಿಗೆ ಚುಚ್ಚಿಕೊಳ್ಳಲೆಂದು ನಾನು ನನ್ನ ಪಿನ್ನೊಂದನ್ನು ಕಿತ್ತು ಅತ್ತೆಗೆ ಕೊಟ್ಟು, ಬಾಗಿಲ ಹಗ್ಗ ಎಳೆದು ಕೂತೆ. ಊರು ದಾಟುವವರೆಗೆ ಅತ್ತೆ ಮೆಲ್ಲಗೆ ಹೋದರು. ಗೇರು ಬದಲಿಸುವಾಗ, ಟ್ರ್ಯಾಕ್ಟರಿನಲ್ಲಿ ಮಾಡುವಂತೆ, ಒಂದರ ಬದಲು ಎರಡು ಸಲ ಕ್ಲಚ್ ಒತ್ತುತ್ತಿದ್ದರು. ಗೇರು ಸದ್ದಿಲ್ಲದೆ ಬೀಳುತ್ತಿತ್ತು. ಅಷ್ಟು ವರ್ಷ ಅಪ್ಪನ ಕೈಯಲ್ಲಿ ಅದು ಹಾಗೆ ಬಿದ್ದದ್ದೇ ಇರಲಿಲ್ಲ. ಹೆದ್ದಾರಿಗೆ ಬಂದಾಗ ಅತ್ತೆ ಚಪ್ಪಲಿ ಕಳಚಿ ಬರಿಗಾಲಲ್ಲಿ ಎಕ್ಸಲರೇಟರ್ ಒತ್ತಿದರು. ರಸ್ತೆ ನಮ್ಮ ಸೀಟಿನ ಕೆಳಗೇ ಓಡಿದಂತಿತ್ತು. ನನ್ನ ಜಡೆ ಬಿಚ್ಚಿಹೋಯಿತು. ಲಾರಿಯೊಂದನ್ನು ಹಿಂದೆ ಹಾಕುವಾಗ ಕ್ಲೀನರ್ ಅರ್ಧ ಮೈ ಹೊರಗೆ ಹಾಕಿ ನೋಡಿದ. ಅತ್ತೆ ಅವನಿಗೆ ಕೈಬೀಸಿದರು. ಐವತ್ತು ದಾಟಿದ ಹೆಂಗಸು ಹಾಗೆ ಕೂಗಿ ನಗುವುದನ್ನು ನಾನು ನೋಡಿದ್ದೇ ಅಂದು.

ಹರಿಹರದ ಮನೆಯ ಮುಂದೆ ಅವರು ನಿಲ್ಲಿಸಲೇ ಇಲ್ಲ. ನೇರ ತುಂಗಭದ್ರೆಯ ಸೇತುವೆ ದಾಟಿ, ಆಚೆ ದಡದಲ್ಲಿ ನಿಲ್ಲಿಸಿದರು. ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಕಾರನ್ನು ಹಿಂದೆಯೇ ಓಡಿಸಿಕೊಂಡು ಬಂದ ಅಪ್ಪ ಇಳಿದರು. ಅವರ ಕ್ರಾಪು ಕದಲಿರಲಿಲ್ಲ.

"ಹೆಂಗೈತೆ ನಮ್ಮನೆಯವರ ಕಾರು?" ಎಂದು ಅತ್ತೆ ಕೇಳಿದರು.

"ಹೊಂಡ ಬಂದಿದ್ದೇ ಬೆನ್ನಿಗೆ ಗೊತ್ತಾಗ್ಲಿಲ್ಲಕ್ಕ," ಎಂದರು ಅಪ್ಪ. "ಇದು?"

"ಇದ್ರಾಗೆ ಒಂದು ಕಲ್ಲೂ ತಪ್ಪಲಿಲ್ಲ ಕಣೋ," ಎಂದ ಅತ್ತೆ ಸೀಟಿನಿಂದ ಮಾತ್ರ ಏಳಲಿಲ್ಲ.

ಸಂಜೆ ಅಪ್ಪ ಮತ್ತು ನಾನು ದಾವಣಗೆರೆಗೆ ಮರಳಿದ್ದು ಮಾವನ ಕಾರಿನಲ್ಲಿ, ಗಾಜು ಏರಿಸಿಕೊಂಡು. ಅದಲುಬದಲು ಯಾರೂ ಬಾಯಿಬಿಟ್ಟು ಒಪ್ಪಿದ್ದಲ್ಲ, ಆದರೆ ಹಾಗೇ ಉಳಿಯಿತು. ಹಳೆಯ ಕಾರನ್ನು ಅತ್ತೆಯೇ ಓಡಿಸುತ್ತಿದ್ದರು, ಪಕ್ಕದ ಸೀಟಿನಲ್ಲಿ ಮಾವ ಸಲೀಸಾಗಿ ಹಿಡಿಸುತ್ತಿದ್ದರು.