ಕೆರಿ ನೀರಿನ ಡಂಗುರ

ಮೊನ್ನೆ ಕೆರಿಗೆ ಬಾಗಿನ ಬಿಡೋ ದಿನ, ಏರಿ ಮ್ಯಾಲೆ ಹುಡುಗ್ರು ಹುಲ್ಲಿಗೆ ಬೆಂಕಿ ಹಚ್ಚಿ ಹಲಗಿ ಕಾಸ್ತಿದ್ರು. ಬಿಸಿ ತೊಗಲಿನ ವಾಸನಿ ಮೂಗಿಗೆ ಬಡೀತು. ಊರಾಗ ಹಲಗಿ ಬಡಿದು ಡಂಗುರ ಸಾರತಿದ್ದ ಮಾವ ನೆನಪಾದ. ಬಳಗದವನೇನಲ್ಲ, ಹಿಂದಿನ ಓಣಿಯವನು. ಎಲ್ಲರೂ ಮಾವ ಅಂತಿದ್ವಿ.

ಅವಂದೊಂದು ರೀತಿ ಇತ್ತು. ಸಾರಿದ ಸುದ್ದಿ ಬದಲಾದ್ರೆ ಮೊದಲು ಹಳೇದು ಹೇಳಿ, ಆಮ್ಯಾಲೆ ಹೊಸಾದು ಹೇಳತಿದ್ದ. "ಸೋಮವಾರ ರೇಷನ್ ಅಂತ ಸಾರಿದ್ದೆ, ಅದು ತಪ್ಪೇತಿ, ಬುಧವಾರ ಬರ್ರಪೋ..." ಬರೇ ಹೊಸಾದು ಹೇಳಿದ್ರೆ ಅರ್ಧ ಊರು ಸೋಮವಾರನ ಚೀಲ ಹಿಡ್ಕಂಡು ನಿಲ್ತೈತಿ ಅಂತಿದ್ದ. ಖರೇನ.

ಹೊಳಿ ನೀರು ಪೈಪಿನಾಗ ತಂದು ಕೆರಿ ತುಂಬಸ್ತೀವಿ ಅಂತ ಸರ್ಕಾರ ಅಂದಾಗ, ನಮ್ಮ ಕಡಿ ಲೀಡರು ಬ್ಯಾಡ ಅಂದ. ರೊಕ್ಕ ಹಾಳು, ನೀರು ಗುಡ್ಡ ಹತ್ತಂಗಿಲ್ಲ, ಪೈಪಿಗೆ ಯಾರೂ ಹೊಲ ಬಿಡಬ್ಯಾಡ್ರಿ ಅಂತ ಮಾವನ ಕಡಿಂದನ ಓಣಿ ಓಣಿ ಸಾರಿಸಿದ. ಕೆಲಸ ವರ್ಷಗಟ್ಟಲೆ ನಿಂತು ಹೋತು. ನಾವು ಕೊಡ ಹೊತ್ತು ಸೊಂಟ ಮುರ್ಕಂಡ್ವಿ.

ಕಡೀಕೆ ನೀರು ಬಂತು. ಲೀಡರನ ಮಂದೀನೂ ಮಾವನ ಮನಿಗೆ ಬಂದ್ರು. ನಾ ಅಲ್ಲೇ ಕಟ್ಟಿ ಮ್ಯಾಲೆ ಶೇಂಗಾ ಸುಲೀತಿದ್ದೆ.

"ಏ ಮುದುಕಾ, ಸಾಹೇಬ್ರು ಮೊದಲ ದಿನದಿಂದ ಈ ಕೆರಿಗೆ ಹೋರಾಡ್ಯಾರ ಅಂತ ಸಾರು."

"ಆತ್ರಿ. ಮೊದಲು ಬ್ಯಾಡ ಅಂದಿದ್ದು ಸಾರತೀನಿ, ಆಮ್ಯಾಲೆ ಇದು."

"ಅದನ್ನ್ಯಾಕ ಎತ್ತತೀಯೋ ಈಗ?"

"ಈ ಬಾಯಿಂದನ ಹೋಗೇತ್ರಿ. ಮಂದಿ ನನ್ನ ಕೇಳ್ತಾರ, ನಿಮ್ಮನ್ನಲ್ಲ."

ನಕ್ಕಂತ ಹೋದ್ರು. ಮರುದಿನ ಮೈಕಿನ ಆಟೋ ಬಂತು, ಅವರು ಹೇಳಿದ್ದಷ್ಟ ಸಾರಿತು. ಆಮ್ಯಾಲೆ ಯಾವ ಸುದ್ದಿಗೂ ಮಾವನ್ನ ಯಾರೂ ಕರೀಲಿಲ್ಲ. ಹಲಗಿ ಗ್ವಾಡಿ ಗೂಟದಾಗ ತೂಗಾಡ್ಕೊಂತ ಉಳೀತು, ತೊಗಲು ಸಡಿಲಾತು...

"ಸುಮ್ನ ಸಾರಿ ಬಿಡಬೇಕಿತ್ತಿಲ್ಲ ಮಾವ?" ಅಂದೆ ಒಂದಿನ.

"ಸಾರಿದ್ರ, ನಾಳೆ ನನ್ನ ಮಾತಿಗೆ ರೇಷನ್ ಚೀಲ ಹಿಡ್ಕಂಡು ಬರತಿದ್ದೇನವ್ವ ನೀನು?"

ಅವನು ಹೋಗಿ ಬಾಳ ದಿನ ಆತು.

ಮೊನ್ನೆ ಅದೇ ಲೀಡರು ಬಾಗಿನ ಬಿಟ್ಟು, ಈ ಕೆರಿ ನನ್ನ ಕನಸು, ಅಂದಿನಿಂದ ಬಡಿದಾಡೀನಿ ಅಂದ. ಹುಡುಗ್ರು ಚಪ್ಪಾಳಿ ತಟ್ಟಿದ್ರು. ಅವರನ್ನೇನು ಬೈಯೋದು, ಅವರಿಗೆ ಹಳೇದು ಯಾರು ಹೇಳ್ಯಾರ?

"ಇವನ ಅಲ್ಲೇನ ಬ್ಯಾಡ ಅಂದಿದ್ದು?" ಅಂದೆ ಪಕ್ಕದಾಕಿಗೆ.

"ಇದ್ದೀತು ಬಿಡವ್ವ, ನೀರು ಬಂತಲ್ಲ."

ಹೌದು, ನೀರು ಬಂದೈತಿ. ಹಳೇದು ಮೊದಲು ಹೇಳೋ ಬಾಯಿ ಮಣ್ಣಾಗೈತಿ.