ಬೈರಿಗೆಯ ಜೇಬು

ನಮ್ಮ ಮನೆಗೆ ಬಂದವರು ನನ್ನನ್ನು ಮಾತಾಡಿಸುವ ಮೊದಲು ನನ್ನ ಬಕೆಟ್ಟನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ಬಟ್ಟೆ ತೊಟ್ಟ ಬಕೆಟ್ಟನ್ನು ಅವರು ಬೇರೆಲ್ಲೂ ನೋಡಿರಲಾರರು. ಕಂಠದಿಂದ ತಳದವರೆಗೆ ಸುತ್ತಲೂ ಖಾಕಿ ಅಂಗಿ, ಅಂಗಿಯ ತುಂಬ ಜೇಬು, ಜೇಬಿಗೊಂದರಂತೆ ಸುತ್ತಿಗೆ, ಇಕ್ಕಳ, ಉಳಿ, ಅರ, ತಿರುಪುಳಿ. ನೀರು ಸೇದುವುದಕ್ಕೆಂದು ಹುಟ್ಟಿದ ಬಕೆಟ್ಟು ಅದು. ತಳ ತೂತಾಗಿ ಆ ಕೆಲಸಕ್ಕೆ ಬಾರದಂತಾದ ಮೇಲೆ ನನ್ನ ಪಾಲಿಗೆ ಬಂತು. ನಾನು ಸಾಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ತೂತು ಬಿದ್ದದ್ದು, ಕಾಲು ಮುರಿದದ್ದು, ಕೀಲು ಕಳಚಿದ್ದು ಎಲ್ಲ ಹೇಗೋ ನನ್ನ ಬಳಿಗೇ ಬರುತ್ತವೆ.

ಹಾಗೆಂದು ನನ್ನನ್ನು ದೊಡ್ಡ ಕೆಲಸಗಾರ ಎಂದು ತಿಳಿಯಬೇಡಿ. ನಾನು ರಿಪೇರಿ ಮಾಡಿದ ಕುರ್ಚಿ ಎಡಕ್ಕೆ ವಾಲುವುದನ್ನು ಬಿಟ್ಟು ಬಲಕ್ಕೆ ವಾಲುತ್ತದೆ, ಅಷ್ಟೆ. ನನಗೆ ರಿಪೇರಿಗಿಂತ ಸಾಮಾನು ಜೋಡಿಸುವುದರಲ್ಲಿ ಹೆಚ್ಚು ಸುಖ. ರಜೆಯ ಮಧ್ಯಾಹ್ನ ಜಗಲಿಯಲ್ಲಿ ಬಕೆಟ್ಟನ್ನು ಮುಂದಿಟ್ಟುಕೊಂಡು ಕೂತು, ಒಂದೊಂದನ್ನೇ ತೆಗೆದು ಒರೆಸಿ ಮತ್ತೆ ಅದರದರ ಜಾಗಕ್ಕೆ ಇಳಿಸುತ್ತಾ ಹೋದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಉಳಿ ಜೇಬಿಗೆ ಇಳಿಯುವಾಗ ಸಣ್ಣಗೆ ಒಂದು ಸದ್ದಾಗುತ್ತದೆ. ಊಟವಾದ ಮೇಲೆ ಮನೆಯ ಹಿರಿಯರು ಚಾಪೆಗೆ ಒರಗಿ ಬಿಡುವ ಉಸಿರಿನಂಥ ಸದ್ದು. ಅದನ್ನು ಕೇಳುತ್ತಾ ನನಗೂ ಕಣ್ಣು ಎಳೆಯುತ್ತದೆ.

ಈ ಅಂಗಿ ಹೊಲಿದವಳು ನನ್ನ ಅಕ್ಕ ಗಂಗಕ್ಕ. ಮಾದರಿ, ನಮ್ಮ ಅಜ್ಜನ ಎಲೆಅಡಿಕೆ ಸಂಚಿ. ಎಲೆಗೊಂದು ಮನೆ, ಅಡಿಕೆಗೊಂದು ಮನೆ, ಸುಣ್ಣದ ಡಬ್ಬಿಗೊಂದು, ಅಡಕತ್ತರಿಗೊಂದು. ಅಜ್ಜ ಸಂಚಿಯ ಕಡೆ ನೋಡದೆಯೇ ಮಾತಾಡುತ್ತಾ ಎಲೆ ಹಾಕುತ್ತಿದ್ದರು. ನಮ್ಮ ಹಿಂದಿನವರ ಉಡುಪಿಗೆ ಜೇಬೇ ಇರಲಿಲ್ಲ. ಗಂಡಸರಿಗೆ ಸೊಂಟದ ಗಂಟು, ಹೆಂಗಸರಿಗೆ ಮಡಿಲು, ಸೆರಗಿನ ತುದಿ. ದೇವರಿಗೆ ಅದೂ ಇಲ್ಲ. ನಮ್ಮ ದೇವಿಗೆ ಅಷ್ಟೊಂದು ಕೈ ಯಾಕೆ ಎಂದು ಪಂಡಿತರು ಏನೇನೋ ಅರ್ಥ ಹೇಳುತ್ತಾರೆ. ನನಗನಿಸುವುದು ಇಷ್ಟೆ: ಶಂಖ, ಚಕ್ರ, ಖಡ್ಗ, ತ್ರಿಶೂಲ ಇಟ್ಟುಕೊಳ್ಳಲು ಆಕೆಗೆ ಯಾರೂ ಜೇಬು ಹೊಲಿದುಕೊಡಲಿಲ್ಲ. ಗಂಗಕ್ಕನಂಥ ಅಕ್ಕ ಇದ್ದಿದ್ದರೆ ಎರಡೇ ಕೈಯಲ್ಲಿ ಮುಗಿಯುತ್ತಿತ್ತು.

ನನ್ನ ಹಳೆಯ ಖಾಕಿ ಪ್ಯಾಂಟನ್ನು ಬಿಚ್ಚಿ ಹೊಲಿಯುತ್ತಾ ಅಕ್ಕ, "ನಿನ್ ಮೈ ಮೇಲಿದ್ದಾಗ ಈ ಜೇಬಲ್ಲಿ ಎಂತ ಇಟ್ರೂ ಉಳೀತಿರ್ಲಿಲ್ಲ. ಬಕೀಟಿನ ಮೈ ಮೇಲಾದ್ರೂ ಉಳೀತದಾ ನೋಡಾಣ" ಎಂದಳು. ಉಳಿಯಲಿಲ್ಲ. ಮರ ಕೊರೆಯುವ ನನ್ನ ಬೈರಿಗೆಯನ್ನು ಪಕ್ಕದ ಮನೆಯ ಮಿತ್ರರು, "ಒಂದು ತೂತು ಅಷ್ಟೆ ಮೇಷ್ಟ್ರೇ" ಎಂದು ಒಯ್ದರು. ಆ ತೂತು ಮುಗಿಯುವುದರೊಳಗೆ ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಬೈರಿಗೆಯೂ ಅವರ ಜೊತೆ ಸಂಸಾರ ಸಮೇತ ಹೋಯಿತು. ಆ ಜೇಬಿನಲ್ಲಿ ಬೇರೇನಾದರೂ ಇಡು ಎಂದು ಎಲ್ಲರೂ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಇವತ್ತಲ್ಲ ನಾಳೆ ಬರುವವರಿಗೆ ಊಟದ ಎಲೆ ಹಾಕಿಟ್ಟ ಹಾಗೆ ಖಾಲಿ ಬಿಟ್ಟೆ. ಈ ನನ್ನ ಹುಚ್ಚು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಶರಾವತಿಗೆ ಅಣೆಕಟ್ಟು ಏಳುತ್ತಿತ್ತು. ಅಕ್ಕನ ಊರು ನೀರಿಗೆ ಹೋಗುವ ಊರುಗಳಲ್ಲಿ ಒಂದು. ಮನೆ ಬಿಚ್ಚಿ, ಮರಮುಟ್ಟು ಹೆಂಚು ಲಾರಿಗೆ ಹಾಕಿಕೊಂಡು ಹೊಸನಗರದ ಕಡೆ ಕೊಟ್ಟ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳುವುದೆಂದು ಭಾವ ತೀರ್ಮಾನಿಸಿದರು. ನಾನು ಬಕೆಟ್ಟು ಹಿಡಿದುಕೊಂಡು ಹೋದೆ. ಶೇಷಾಚಾರಿ ಎಂಬ ಬಡಗಿ ಕೀಲಿನಿಂದ ಕೀಲು ಬಿಡಿಸುತ್ತಿದ್ದ; ನಾನು ಬೆಣೆಗಳನ್ನು ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದೆ.

ಅಕ್ಕ ಅತ್ತದ್ದನ್ನು ನಾನು ನೋಡಲಿಲ್ಲ. ಅವಳು ಕೇಳಿದ್ದು ಒಂದೇ. "ಬಾಗ್ಲು ಕಡೇಗೆ ತೆಗೀರಿ. ಮನೆ ಗುಡಿಸಿ, ಬಾಗ್ಲಲ್ಲಿ ಹೊರಗೆ ಬರ್ತೀನಿ. ಮದುವೆಯಾಗಿ ಬಂದಾಗ ಬಾಗ್ಲಲ್ಲೇ ಒಳಗೆ ಬಂದಿದ್ದು."

ನಮ್ಮಲ್ಲಿ ಯಾರಾದರೂ ಹೊರಟು ಹೋದ ಬೆನ್ನಿಗೇ ಮನೆ ಗುಡಿಸುವುದಿಲ್ಲ. ಹೋದವರು ತಿರುಗಿ ಬರಬೇಕಲ್ಲ, ಅದಕ್ಕೆ. ಗುಡಿಸುವುದಿದ್ದರೆ ಹೊರಡುವ ಮೊದಲೇ ಗುಡಿಸಬೇಕು. ಆದರೆ ಗಂಡಸರ ಲೆಕ್ಕ ಬೇರೆ. ಬಾಗಿಲು, ಚೌಕಟ್ಟು ಎಲ್ಲಕ್ಕಿಂತ ಭಾರ. ಲಾರಿಯ ತಳಕ್ಕೆ ಅದೇ ಮೊದಲು ಹೋಗಬೇಕು. "ಗೋಡೆ ಇಲ್ಲದ ಮನೇಲಿ ಎಂತ ಗುಡಿಸೂದು? ಬೆಳಿಗ್ಗೆ ಬಾಗ್ಲಿಂದಾನೇ ಶುರು ಮಾಡೂದು" ಎಂದರು ಭಾವ.

ಹಾಗೆಂದ ಭಾವನೇ ಆ ಸಂಜೆ, ನಾವೆಲ್ಲ ನೆಂಟರ ಮನೆಗೆ ಮಲಗಲು ಹೊರಟಾಗ, ಬಾಗಿಲು ಎಳೆದು ಬೀಗ ಹಾಕಿ ಕೀಲಿಕೈಯನ್ನು ಎಂದಿನಂತೆ ಅಕ್ಕನ ಕೈಗೆ ಕೊಟ್ಟರು. ಸುತ್ತಲೂ ಗೋಡೆ ಮೊಣಕಾಲೆತ್ತರಕ್ಕೆ ಇಳಿದಿತ್ತು, ಮೇಲೆ ಆಕಾಶ. ಆದರೂ ಯಾರಿಗೂ ನಗು ಬರಲಿಲ್ಲ. ಮನೆ ಬಿಟ್ಟು ಹೊರಟರೆ ಬೀಗ ಹಾಕಬೇಕು, ಹಾಕಿದರು.

ಬೆಳಿಗ್ಗೆ ಮಂಜಿನಲ್ಲಿ ಆ ಬಾಗಿಲೊಂದೇ ನಿಂತಿತ್ತು. ಅದರ ಹಿಂದೆಯೂ ಮಂಜು, ಮುಂದೆಯೂ ಮಂಜು. ಒಳಗೆ ಯಾರೋ ಎದ್ದು ಒಲೆ ಹಚ್ಚುತ್ತಿದ್ದಾರೆ, ಕದ ತಟ್ಟಿದರೆ ತೆಗೆಯುತ್ತಾರೆ ಎಂದು ನನಗೆ ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು.

"ಕೀಲಿಕೈ ತಾರೇ" ಎಂದರು ಭಾವ.

"ಇಲ್ಲೇ ಎಲ್ಲೋ ಇಟ್ಟೆ" ಎಂದಳು ಅಕ್ಕ.

ಬೀಗ ತೆಗೆಯದೆ ಕದ ಬಿಚ್ಚುವಂತಿರಲಿಲ್ಲ. ಹುಡುಕಾಟ ಶುರುವಾಯಿತು. ಭಾವ ಹೆಂಚಿನ ರಾಶಿಯಲ್ಲಿ ಹುಡುಕಿದರು, ತಮ್ಮ ಸೊಂಟದಲ್ಲೇ ಎರಡು ಸಲ ಹುಡುಕಿದರು. ಲಾರಿಯವನು ಹಾರ್ನ್ ಬಾರಿಸಿದ. ಶೇಷಾಚಾರಿ ಬೀಗವನ್ನು ಅಲುಗಾಡಿಸಿ ನೋಡಿ, "ಒಡೀಬಹುದು ಒಡೆಯಾ. ಆದ್ರೆ ಚಿಲಕ ಕಿತ್ತು ಬಂದ್ರೆ ಹಲಸಿನ ಹಲಗೆ ಸೀಳ್ತದೆ" ಎಂದ. ಭಾವ, "ಒಡಿ" ಎಂದುಬಿಟ್ಟರು.

ತನ್ನ ಉಳಿಯ ಬಾಯಿ ಹೋದೀತೆಂದು ಆಚಾರಿ ನನ್ನ ಕಡೆ ಕೈ ಚಾಚಿ ಉಳಿ ಕೇಳಿದ. ನಾನು ಅಜ್ಜನ ಹಾಗೆ ನೋಡದೆಯೇ ಬಕೆಟ್ಟಿಗೆ ಕೈ ಹಾಕಿದೆ. ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವಂತೆ ಬೆರಳು ಮೊದಲು ಬೈರಿಗೆಯ ಖಾಲಿ ಜೇಬಿಗೇ ಹೋಯಿತು. ಒಳಗೆ ತಣ್ಣಗೆ ಕಬ್ಬಿಣ.

ತಲೆ ಎತ್ತಿದೆ. ಅಕ್ಕ ಮುರಿದ ಗೋಡೆಯ ಆಚೆ, ಮನೆಯ ಒಳಗೆ, ಪೊರಕೆ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಉಳಿ ಎಲ್ಲೋ ಬಿದ್ದುಹೋಗಿದೆ ಆಚಾರಿ, ತಡಿ" ಎಂದೆ. ಉಳಿ ತನ್ನ ಜೇಬಿನಲ್ಲಿ ಎಲ್ಲರಿಗೂ ಕಾಣುವಂತೆ ತಲೆ ಎತ್ತಿಕೊಂಡಿತ್ತು. ಆಚಾರಿ ಅದನ್ನು ನೋಡಿದ, ಅಕ್ಕನನ್ನು ನೋಡಿದ, "ಹೌದಾ? ಹಂಗಾರೆ ಒಂದು ಬೀಡಿ ಸೇದ್ತೀನಿ" ಎಂದು ಕೂತುಬಿಟ್ಟ.

ಅಕ್ಕ ಗುಡಿಸಿದಳು. ಅಡಿಗೆಮನೆಯಿದ್ದಲ್ಲಿಂದ ಶುರುಮಾಡಿ, ಇಲ್ಲದ ಗೋಡೆಗಳ ಮೂಲೆ ಮೂಲೆಗೂ ಪೊರಕೆ ತಾಗಿಸಿ, ನಡುಮನೆ ದಾಟಿ ಬಾಗಿಲವರೆಗೆ ಬಂದಳು. ಭಾವ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಲಾರಿಯ ಕಡೆ ತಿರುಗಿ ನಿಂತರು.

"ಈಗ ತೆಗಿಯೋ ತಮ್ಮಾ" ಎಂದು ಕದದ ಆಚೆಯಿಂದ ಅಕ್ಕನ ದನಿ ಬಂತು.

ಬೈರಿಗೆಯ ಜೇಬಿನಿಂದ ಕೀಲಿಕೈ ತೆಗೆದು ಬೀಗ ಬಿಚ್ಚಿದೆ. ಅಕ್ಕ ತಲೆ ಬಗ್ಗಿಸಿ, ಬಲಗಾಲಿಟ್ಟು ಹೊಸಿಲು ದಾಟಿ ಹೊರಗೆ ಬಂದಳು. ಬೀಗವನ್ನು ನನ್ನ ಕೈಯಿಂದ ತೆಗೆದುಕೊಂಡು, ನೆಲದಿಂದ ಕೀಳಲಾಗದೆ ಬಿಟ್ಟಿದ್ದ ಒರಳುಕಲ್ಲಿನ ಮೇಲೆ ಇಟ್ಟಳು. "ಇದು ಈ ಮನೇದು, ಇಲ್ಲೇ ಇರ್ಲಿ. ಕೀಲಿಕೈ ನಿನ್ ಹತ್ರ ಇರ್ಲಿ" ಎಂದಳು. ಆಮೇಲೆ ಹಲಸಿನ ಬಾಗಿಲು ಒಂದು ಗೀರೂ ಬೀಳದೆ ಇಳಿಯಿತು.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಆ ಬಾಗಿಲು ಈಗ ಹೊಸನಗರದ ಕಡೆ ಹೊಸ ಗೋಡೆಯ ನಡುವೆ ನಿಂತಿದೆ. ಹಳೆಯ ಜಾಗದ ಮೇಲೆ ಕಣ್ಣು ಹಾಯುವಷ್ಟು ನೀರು. ನೀರಿನಾಚೆಯ ತುಮರಿಯ ಕಡೆ ಯಾರದೋ ಕುರ್ಚಿಯನ್ನು ಬಲಕ್ಕೆ ವಾಲಿಸಲು ಲಾಂಚಿನಲ್ಲಿ ಹೋಗುವಾಗ ಬಕೆಟ್ಟು ನನ್ನ ಕಾಲ ಬಳಿ ಇರುತ್ತದೆ. ಲಾಂಚು ನಡುಗಿದಾಗ ಕೀಲಿಕೈ ಬೈರಿಗೆಯ ಜೇಬಿನಲ್ಲಿ ಕಿಣಿಕಿಣಿ ಎನ್ನುತ್ತದೆ. ಕೆಳಗೆ ಎಲ್ಲೋ, ಒರಳುಕಲ್ಲಿನ ಮೇಲೆ, ತೆರೆದ ಬೀಗದ ಸುತ್ತ ಮೀನು ಓಡಾಡುತ್ತಿರಬಹುದು. ಆ ಮನೆಗೆ ಈಗ ಯಾರು ಬೇಕಾದರೂ ಹೋಗಿಬರಬಹುದು.

ಮೊನ್ನೆ ತೀರ್ಥಹಳ್ಳಿಯ ಮಿತ್ರರು ಬಂದಿದ್ದರು. ಬೈರಿಗೆಯನ್ನು ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ ತಂದಿದ್ದರು! ಇಷ್ಟು ವರ್ಷ ಎಲೆ ಹಾಕಿ ಕಾದಿದ್ದ ನನಗೆ ಸಂತೋಷವಾಗಬೇಕಿತ್ತು. ಕೂರಿಸಲು ಜಾಗವಿಲ್ಲದೆ ಪೇಚಿಗೆ ಬಿದ್ದೆ. ಬೈರಿಗೆ ಕಿಟಕಿಯ ಕಟ್ಟೆಯ ಮೇಲೆ ದಿಕ್ಕಿಲ್ಲದಂತೆ ಬಿದ್ದಿತ್ತು.

ಮರುವಾರ ಅಕ್ಕ ಬಂದಳು. ಬಂದವಳೇ ಆ ಜೇಬನ್ನು ಹೊರಗಿನಿಂದಲೇ ಒಮ್ಮೆ ಒತ್ತಿ ನೋಡಿದಳು, ತೆಗೆಯಲಿಲ್ಲ. ನಾನು ಬೈರಿಗೆಯನ್ನು ತೋರಿಸಿ, "ಇದಕ್ಕೊಂದು ಬೇರೆ ಜೇಬು ಹೊಲ್ಕೊಡೇ" ಎಂದೆ.

"ಕಣ್ಣೆದುರಿಗೇ ಇರೋದಕ್ಕೆ ಎಂತಕ್ಕೋ ಜೇಬು?" ಎಂದಳು ಅಕ್ಕ. "ಮತ್ತೆ ಯಾರಾದ್ರೂ ತಗಂಡ್ ಹೋಗ್ಲಿ, ಆವಾಗ ಹೊಲ್ಕೊಡ್ತೀನಿ."