ಅಕ್ಕನನ್ನು ರೈಲಿಗೆ ಹತ್ತಿಸಿದ್ದು

ಮುಂಬೈಯಲ್ಲಿ ವರ್ಷಗಟ್ಟಲೆ ಡೊಂಬಿವಲಿಯಿಂದ ದಾದರಿಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋದವಳು ನಾನು. ರೈಲು ಪೂರ್ತಿ ನಿಲ್ಲುವ ಮೊದಲೇ ಒಳಗಿರುತ್ತಿದ್ದೆ. ಗಂಡ ಅಲ್ಲಿಯ ಹೋಟೆಲು ಕೆಲಸ ಬಿಟ್ಟು, ಇಬ್ಬರೂ ಬ್ರಹ್ಮಾವರಕ್ಕೆ ವಾಪಸು ಬಂದ ಮೇಲೂ ಆ ಗತ್ತು ನನ್ನನ್ನು ಬಿಟ್ಟಿರಲಿಲ್ಲ. ಇಲ್ಲಿಯವರು ರೈಲಿನ ರಶ್ಶಿನ ಬಗ್ಗೆ ದೂರಿದರೆ ನನಗೆ ನಗು ಬರುತ್ತಿತ್ತು.

ಆ ನಗು ನಿಂತದ್ದು ಅಕ್ಕನ ಕಣ್ಣಿನ ದೆಸೆಯಿಂದ. ಸಕ್ಕರೆ ಕಾಯಿಲೆ ಅವಳ ದೃಷ್ಟಿಗೇ ಕೈಹಾಕಿತ್ತು. ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು, ತಪ್ಪಿಸಿದರೆ ಇದ್ದದ್ದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಉಳಿದದ್ದು ನಮಗೆ ಹತ್ತಿರದ ಬಾರಕೂರು ಸ್ಟೇಶನ್ನಿಗೆ ಬರುವ ಬೆಳಗಿನ ರೈಲು. ಅದು ಬರುವಾಗಲೇ ತುಂಬಿರುತ್ತದೆ. ಬೈಂದೂರಿನವರು ಕೂತಿರುತ್ತಾರೆ, ಕುಂದಾಪುರದವರು ನಿಂತಿರುತ್ತಾರೆ, ನಮ್ಮ ಪಾಲಿಗೆ ಬಾಗಿಲು. ಹಿಂದಿನ ಸಲ ಭಾವನ ಜೊತೆ ಹೋದ ಅಕ್ಕ ಹತ್ತಲಾಗದೆ ಮನೆಗೆ ಮರಳಿದ್ದಳು.

"ಕಣ್ ಹೋದ್ರ್ ಹೋಯ್ಲಿ, ನಂಗೆ ಆ ರೈಲ್ ಬ್ಯಾಡ," ಎಂದು ಹಟ ಹಿಡಿದಳು.

"ನಾ ಬತ್ತೆ ಅಲ್ದಾ? ನಂಗ್ ಬಿಡ್, ಹೆದ್ರಬ್ಯಾಡ," ಎಂದೆ.

ಹೋಗುವ ದಿನ ಸ್ಟೇಶನ್ನಿನಲ್ಲಿ ಹೆಂಗಸರ ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ವಿಚಾರಿಸಿಕೊಂಡು ಅಕ್ಕನನ್ನು ಅದೇ ಜಾಗದಲ್ಲಿ ನಿಲ್ಲಿಸಿದೆ. ಮುಂಬೈ ಕಲಿಸಿದ ವಿದ್ಯೆ ಅದು. ರೈಲು ಬಂತು, ನಮ್ಮ ಮುಂದೆಯೇ ಸಾಗಿತು, ದೂರ ಹೋಗಿ ನಿಂತಿತು. ನಮ್ಮೆದುರು ಬರೀ ಹಳಿ! ಎರಡು ಬೋಗಿ ರಿಪೇರಿಗೆ ಹೋಗಿವೆ, ಬದಲಿಗೆ ಬೇರೆ ಬೋಗಿ ಇಲ್ಲವಂತೆ ಎಂದು ಓಡುತ್ತಿದ್ದವರೊಬ್ಬರು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಕೈ ಹಿಡಿದು ನಾನೂ ಓಡಿದೆ. ಮಂಡಿನೋವಿನ ಅಕ್ಕ ಏದುಸಿರು ಬಿಡುತ್ತ ಬಂದಳು.

ಕೊನೆಯ ಬಾಗಿಲಲ್ಲಿ ನರ್ಸಿಂಗ್ ಓದುವ ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. "ಜಾಗ ಇಲ್ಲೆ ಆಂಟಿ!" ಎಂದು ಕೂಗಿದರು. ಮುಂಬೈಯಲ್ಲಾಗಿದ್ದರೆ ಭುಜ ಕೊಟ್ಟು ನುಗ್ಗುತ್ತಿದ್ದೆ. ಆದರೆ ನುಗ್ಗಿದರೆ ನಾನೊಬ್ಬಳೇ ಒಳಗೆ ಹೋಗುತ್ತೇನೆ, ಅಕ್ಕ ಹೊರಗುಳಿಯುತ್ತಾಳೆ. ರೈಲಿನ ಸೀಟಿ ಕೇಳಿಸಿತು.

"ಹ್ವಾಯ್, ಜಾಗ ನಂಗ್ ಬ್ಯಾಡ! ನನ್ನಕ್ಕಂಗ್ ಕಣ್ ಸಮ ಕಾಂತಿಲ್ಲೆ, ಇವ್ಳನ್ನೊಬ್ಳನ್ನ ಎಳ್ಕಣಿ!"

ನಾಲ್ಕಾರು ಕೈಗಳು ಒಮ್ಮೆಲೇ ಹೊರಬಂದವು. ಮೆಟ್ಟಿಲು ಎತ್ತರ. ಮೇಲಿನಿಂದ ಅವರು ಎಳೆದರು, ಕೆಳಗಿನಿಂದ ನಾನು ನೂಕಿದೆ. ಅಕ್ಕ "ಅಯ್ಯಬ್ಬಾ" ಎನ್ನುತ್ತ ಒಳಗೆ ಸೇರಿದಳು, ರೈಲು ಹೊರಟಿತು. ಪ್ಲಾಟ್‌ಫಾರ್ಮಿನಲ್ಲಿ ಉಳಿದದ್ದು ನಾನು ಮತ್ತು ಅಕ್ಕನ ಒಂದು ಚಪ್ಪಲಿ.

ನಿಜ ಹೇಳುತ್ತೇನೆ, ಆಮೇಲೆ ನನಗೇ ಹೆದರಿಕೆಯಾಯಿತು. ಒಬ್ಬಳೇ ಎಲ್ಲಿಗೂ ಹೋದವಳಲ್ಲ ಅವಳು. ಚಪ್ಪಲಿ ಹಿಡಿದುಕೊಂಡೇ ಹೆದ್ದಾರಿಗೆ ಹೋಗಿ ಮಂಗಳೂರಿನ ಬಸ್ಸು ಹತ್ತಿದೆ. ಉಡುಪಿ ದಾಟುವಾಗ ಅವಳ ಫೋನ್ ಬಂತು. ಅಳುತ್ತಿರಬಹುದು ಎಂದುಕೊಂಡೇ ಎತ್ತಿದೆ.

"ಸೀಟ್ ಸಿಕ್ತ್ ಮಾರಾಯ್ತಿ! ಬೈಂದೂರಿನ ಟೀಚರ್ ಒಬ್ರ್ ಎದ್ದ್ ಕೂರ್ಸಿದ್ರ್. ಈ ಹೆಣ್ಮಕ್ಕಳ್ ನನ್ನ ಆಸ್ಪತ್ರಿ ಬಾಗ್ಲ್ ತನಕ ಬಿಡ್ತ್ರಂಬ್ರ್."

"ನಾ ಬಸ್ಸಲ್ ಬತ್ತಾ ಇದ್ದೆ. ನೀ ಅಲ್ಲೇ ಕೂಕೋ."

"ನಿಧಾನಕ್ ಬಾ, ಗಡಿಬಿಡಿ ಎಂತಕೆ? ಬಪ್ಪು ತಿಂಗ್ಳ್ ನಾ ಒಬ್ಳೇ ಹೋಪುಕೆ ಅಡ್ಡಿಲ್ಲೆ."

ರೈಲೇ ಬೇಡವೆಂದು ಹಟ ಹಿಡಿದಿದ್ದವಳು ಮುಂದಿನ ತಿಂಗಳು ಒಬ್ಬಳೇ ಹೋಗುತ್ತಾಳಂತೆ! ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮಡಿಲಿನ ಚಪ್ಪಲಿಯನ್ನೂ ಕಣ್ಣೀರನ್ನೂ ನೋಡಿ ಗಾಬರಿಯಾದಳು. ಜೀವಮಾನದಲ್ಲಿ ಎಷ್ಟೋ ರೈಲು ಹತ್ತಿದ್ದೇನೆ. ಹತ್ತದೇ ಬಿಟ್ಟ ಆ ಒಂದು ರೈಲಿನಷ್ಟು ಹೆಮ್ಮೆ ನನಗೆ ಯಾವುದರ ಮೇಲೂ ಇಲ್ಲ.